ಮಳೆಗಾಲದಲ್ಲಿ ಜಗಲಿಯ ಮೇಲೆ ಸೈಕಲ್ ತರಬೇತಿ: ಹದಿನೈದು ಸಾವಿರದೊಳಗಿನ ಸಾಧನ, ಉಚಿತ ಆ್ಯಪ್, ಎಂಟು ವಾರಗಳ ಕ್ರಮ

ಶಿರಸಿಯಲ್ಲಿ ಜೂನ್ ಎರಡನೆಯ ವಾರ ಮಳೆ ಹಿಡಿಯಿತೆಂದರೆ ಸೈಕಲ್ ಜಗಲಿಯ ಗೋಡೆಗೆ ಒರಗಿ ನಿಲ್ಲುತ್ತದೆ. ರಸ್ತೆಯ ಅಂಚಿನಲ್ಲಿ ಪಾಚಿ, ತಿರುವುಗಳಲ್ಲಿ ಮಂಜು, ಗುಂಡಿಯ ಆಳ ತಿಳಿಯದಂತೆ ತುಂಬಿ ನಿಂತ ಕೆಂಪು ನೀರು. ಘಟ್ಟದ ಕೆಳಗಿನ ಕುಮಟಾ, ಅಂಕೋಲಾ, ಕಾರವಾರದವರಿಗೆ ಇವುಗಳ ಜೊತೆಗೆ ರಾಷ್ಟ್ರೀಯ ಹೆದ್ದಾರಿ 66ರ ಲಾರಿಗಳು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಬದಿಯ ಜೀವಗಳನ್ನು ಕೊಂಡೊಯ್ದಿತು. ಆ ಸುದ್ದಿ ಕೇಳಿದ ಮೇಲೆ, ಮಳೆಗಾಲದಲ್ಲಿ ಘಟ್ಟದ ರಸ್ತೆಗೆ ಸೈಕಲ್ ಇಳಿಸುವುದಿಲ್ಲವೆಂದು ನಾನು ನಿಶ್ಚಯಿಸಿದೆ.

ಆದರೆ ನಾಲ್ಕು ತಿಂಗಳು ಕಾಲು ಕಟ್ಟಿ ಕುಳಿತರೆ ಏನಾಗುತ್ತದೆ ಎಂಬುದು ಘಟ್ಟ ಹತ್ತುವ ಯಾರಿಗೂ ಗೊತ್ತಿರುವ ವಿಷಯ. ಕುಮಟಾ ಇರುವುದು ಸಮುದ್ರದ ಮಟ್ಟದಲ್ಲಿ, ಶಿರಸಿ ಇರುವುದು ಸುಮಾರು 590 ಮೀಟರ್ ಎತ್ತರದಲ್ಲಿ. ನಡುವೆ ನಿಂತಿರುವ ದೇವಿಮನೆ ಘಟ್ಟ ಅಕ್ಟೋಬರಿನ ಮೊದಲ ಭಾನುವಾರವೇ ಲೆಕ್ಕ ಕೇಳುತ್ತದೆ. ಹಾಗಾಗಿ ಮನೆಯೊಳಗೇ ಕ್ರಮವಾಗಿ ತುಳಿಯುವ ದಾರಿ ಹುಡುಕಿದೆ. ಸುಮ್ಮನೆ ಬೆವರು ಬರುವವರೆಗೆ ತುಳಿಯುವುದು ನನಗೆ ಬೇಕಿರಲಿಲ್ಲ. ಇಂತಿಷ್ಟು ನಿಮಿಷ, ಇಂತಿಷ್ಟು ಶ್ರಮ, ಇಂತಿಷ್ಟು ವಿಶ್ರಾಂತಿ ಎಂಬ ಲೆಕ್ಕ ಬೇಕಿತ್ತು.

ಆಗಿನಿಂದ ತುಳಿಯುತ್ತಾ ಬಂದು ನನಗೆ ಖಚಿತವಾದದ್ದು ಒಂದು ಸಂಗತಿ. ಸಾಧನ ಅಗ್ಗದ್ದಾದರೂ ನಡೆಯುತ್ತದೆ. ಅದು ಇಂದು ತೋರಿಸುವ ಅಂಕಿಯನ್ನು ಮುಂದಿನ ವಾರದ ಅಂಕಿಯ ಪಕ್ಕ ಇಟ್ಟು ಹೋಲಿಸಲು ಬರಬೇಕು, ಅಷ್ಟೇ. ದುಬಾರಿ ಟ್ರೈನರ್, ಅಂದರೆ ಸೈಕಲ್ಲನ್ನು ನಿಂತಲ್ಲೇ ತುಳಿಯಲು ಹಿಡಿದಿಡುವ ಸಾಧನ, ಈ ಕೆಲಸವನ್ನು ತಾನೇ ಮಾಡುತ್ತದೆ. ಅಗ್ಗದ ಟ್ರೈನರಿನಲ್ಲಿ ಅದನ್ನು ನಮ್ಮ ಕೈಯಾರೆ ಮಾಡಬೇಕು. ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಅದರ ಸುತ್ತಲೇ ಇವೆ.

ಹಂತ 1: ಜಾಗ ಗೊತ್ತುಮಾಡಿ

ಗಾಳಿಯಾಡುವ ಜಾಗ ಬೇಕು, ಎರಚಲು ಬೀಳಬಾರದು. ಹಳೆಯ ಮನೆಯಾದರೆ ಜಗಲಿಯೇ ಉತ್ತಮ. ಮಾಳಿಗೆಯ ಹಲಗೆ ನೆಲದ ಮೇಲೆ ಮಾತ್ರ ಇಡಬೇಡಿ. ಹಲಗೆ ಸದ್ದನ್ನು ಹೆಚ್ಚಿಸುತ್ತದೆ, ಕೆಳಗೆ ಮಲಗಿದವರಿಗೆ ಮನೆಯೇ ನಡುಗಿದಂತೆ ಕೇಳುತ್ತದೆ. ಕಾರವಾರದ ಅಪಾರ್ಟ್‌ಮೆಂಟುಗಳಲ್ಲಿ ಇರುವವರಿಗೂ ಕೆಳಗಿನ ಮನೆಯವರೇ ಮೊದಲ ಚಿಂತೆ. ಗಾಳಿಯಲ್ಲಿ ಹಾರುವ ಸದ್ದಿಗಿಂತ ನೆಲದ ಮೂಲಕ ಇಳಿಯುವ ಕಂಪನ ಹೆಚ್ಚು ತೊಂದರೆ ಕೊಡುತ್ತದೆ.

ಇದಕ್ಕೆ ನಮ್ಮ ಸೀಮೆಯಲ್ಲೇ ಒಂದು ಒಳ್ಳೆಯ ಉಪಾಯವಿದೆ. ವ್ಯಾಯಾಮದ ಮ್ಯಾಟ್ ಎಂದು ಮಾರುವ ತೆಳ್ಳನೆಯ ಹಾಳೆಯ ಬದಲು, ಕೊಟ್ಟಿಗೆಯಲ್ಲಿ ಹಸುಗಳಿಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ತನ್ನಿ. ಹೈನುಗಾರಿಕೆಯ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಹಸುವಿನ ಭಾರ ತಡೆಯುವ ಮ್ಯಾಟ್ ಸೈಕಲ್ಲಿನ ಕಂಪನವನ್ನು ಸುಲಭವಾಗಿ ನುಂಗುತ್ತದೆ, ಬೆವರು ಬಿದ್ದರೆ ಕೊಳವೆ ಹಿಡಿದು ತೊಳೆಯಬಹುದು, ಕಾವಿ ನೆಲಕ್ಕೆ ಕಲೆಯಾಗುವುದಿಲ್ಲ.

ಹಂತ 2: ಟ್ರೈನರ್ ಆರಿಸಿ

ನಿಮ್ಮ ಸೈಕಲ್ಲಿನ ಹಿಂಗಾಲಿಯನ್ನು ಎತ್ತಿ ಹಿಡಿದು, ಟಯರಿಗೆ ಒಂದು ಉರುಳೆಯನ್ನು ಒತ್ತಿ, ಆ ಉರುಳೆಗೆ ಅಯಸ್ಕಾಂತದ ಮೂಲಕ ಪ್ರತಿರೋಧ ಕೊಡುವ ಚೌಕಟ್ಟು ಎಲ್ಲಕ್ಕಿಂತ ಅಗ್ಗದ್ದು. ಮ್ಯಾಗ್ನೆಟಿಕ್ ಟ್ರೈನರ್ ಎಂದು ಕೇಳಿದರೆ ಸಿಗುತ್ತದೆ. ಹ್ಯಾಂಡಲಿಗೆ ಕಟ್ಟುವ ಸಣ್ಣ ಸನ್ನೆಯಿಂದ ಐದಾರು ಹಂತಗಳಲ್ಲಿ ಪ್ರತಿರೋಧ ಬದಲಿಸಬಹುದು. ಇದರ ಮೇಲಿನ ದರ್ಜೆ ದ್ರವ ತುಂಬಿದ ಫ್ಲೂಯಿಡ್ ಟ್ರೈನರ್. ವೇಗ ಏರಿದಂತೆ ಪ್ರತಿರೋಧ ತಾನಾಗಿಯೇ ಏರುತ್ತದೆ, ರಸ್ತೆಯ ಅನುಭವಕ್ಕೆ ಹತ್ತಿರ, ಸದ್ದೂ ಕಡಿಮೆ. ಎಲ್ಲಕ್ಕಿಂತ ಮೇಲಿರುವುದು ಸ್ಮಾರ್ಟ್ ಟ್ರೈನರ್. ಅದು ನೀವು ತುಳಿಯುವ ಶಕ್ತಿಯನ್ನು ವ್ಯಾಟ್ ಲೆಕ್ಕದಲ್ಲಿ ಅಳೆಯುತ್ತದೆ, ಆ್ಯಪ್ ಹೇಳಿದಂತೆ ಪ್ರತಿರೋಧವನ್ನೂ ಬದಲಿಸುತ್ತದೆ.

ಕಾರವಾರದ ನನ್ನ ಭಾವ ಒಬ್ಬರು ಫೋನ್ ಮಾಡಿ, "ಭಾವಾ, ನಲವತ್ತು ಸಾವಿರದ ಸ್ಮಾರ್ಟ್ ಟ್ರೈನರ್ ನೋಡಿ ಇಟ್ಟಿದ್ದೇನೆ, ತರಿಸಲೇ?" ಎಂದು ಕೇಳಿದರು. "ಮೊದಲು ವಾರಕ್ಕೆ ಮೂರು ದಿನ ಹತ್ತಿ ಕುಳಿತುಕೊಳ್ಳುವ ರೂಢಿಯಾಗಲಿ ಭಾವಾ, ನನ್ನ ಹಳೆಯದನ್ನು ಒಂದು ತಿಂಗಳು ಒಯ್ಯಿರಿ" ಎಂದೆ. ನಿಮಗೂ ನನ್ನ ಸಲಹೆ ಅದೇ. ಇದಕ್ಕೆ ನಮ್ಮ ಊರಿನದೇ ಆದ ಕಾರಣವೂ ಒಂದಿದೆ. ಜುಲೈ ತಿಂಗಳ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಸ್ಮಾರ್ಟ್ ಟ್ರೈನರ್ ಹೇಳಿದ ಮಾತು ಕೇಳುವುದಿಲ್ಲ. ಮ್ಯಾಗ್ನೆಟಿಕ್ ಟ್ರೈನರಿಗೆ ಕರೆಂಟಿನ ಹಂಗಿಲ್ಲ.

ಕೊಳ್ಳುವ ಮುನ್ನ ನಿಮ್ಮ ಸೈಕಲ್ಲಿನ ಹಿಂದಿನ ಅಚ್ಚನ್ನು ನೋಡಿಕೊಳ್ಳಿ. ಸನ್ನೆ ಎತ್ತಿ ಬಿಚ್ಚುವ ಕ್ವಿಕ್ ರಿಲೀಸ್ ಇದ್ದರೆ ಯಾವ ತೊಡಕೂ ಇಲ್ಲ. ಟ್ರೈನರಿನ ಜೊತೆ ಬರುವ ಉಕ್ಕಿನ ಸ್ಕ್ಯೂವರನ್ನು, ಅಂದರೆ ಅಚ್ಚಿನೊಳಗೆ ತೂರುವ ಸರಳನ್ನು, ಹಾಕಿ; ಅದರ ಮೊನೆ ಚೌಕಟ್ಟಿನ ಬಟ್ಟಲಿಗೆ ಸರಿಯಾಗಿ ಕೂರುತ್ತದೆ. ಎರಡೂ ಬದಿ ನಟ್ ಇರುವ ಸಾಧಾರಣ ಸೈಕಲ್ ಆದರೆ ಆ ನಟ್ಟಿನ ಜಾಗದಲ್ಲಿ ಕೂರುವ ಅಡಾಪ್ಟರ್ ಬೇಕು. ಚೌಕಟ್ಟಿನ ಮೂಲಕ ತೂರುವ ತ್ರೂ ಆ್ಯಕ್ಸಲ್ ಇರುವ ಹೊಸ ಸೈಕಲ್ಲುಗಳಿಗೆ ಬೇರೆಯದೇ ಅಡಾಪ್ಟರ್. ನಾನು ಮೊದಲು ತರಿಸಿದ ಟ್ರೈನರಿನ ಉರುಳೆ ಡೊಂಕಾಗಿತ್ತು; ಮಾರಿದವರು ಮರಳಿ ಪಡೆಯಲು ಒಪ್ಪಲಿಲ್ಲ. ಪೆಟ್ಟಿಗೆ ತೆರೆದ ದಿನವೇ ಉರುಳೆಯನ್ನು ಕೈಯಿಂದ ತಿರುಗಿಸಿ ಎದುರಿನಿಂದ ನೋಡಿ, ವಿಡಿಯೊ ಮಾಡಿ ಇಟ್ಟುಕೊಳ್ಳಿ.

ಟಯರಿನ ವಿಷಯ. ಗುಬ್ಬಿಗಳಿರುವ ಎಂಟಿಬಿ (ಗುಡ್ಡಗಾಡಿನ ಸೈಕಲ್) ಟಯರ್ ಉರುಳೆಯ ಮೇಲೆ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತದೆ, ಜಾರುತ್ತದೆ, ಬೇಗ ಸವೆಯುತ್ತದೆ. ನುಣುಪಾದ ಅಗ್ಗದ ಸ್ಲಿಕ್ ಟಯರ್ ಒಂದನ್ನು ಹಿಂಗಾಲಿಗೆ ಹಾಕಿ, ಒಳ್ಳೆಯ ಟಯರನ್ನು ಅಕ್ಟೋಬರಿಗೆ ತೆಗೆದಿಡಿ.

ನನಗಾದ ಖರ್ಚು ಹೀಗಿತ್ತು: ಟ್ರೈನರ್ 7,500, ಎದೆಪಟ್ಟಿ 2,800, ವೇಗದ ಸೆನ್ಸರ್ 1,900, ಟಯರ್ 1,200, ಮ್ಯಾಟ್ 1,600, ಒಟ್ಟು 15,000 ರೂಪಾಯಿ. ಫ್ಯಾನ್ ಮನೆಯಲ್ಲಿತ್ತು. ಬಳಸಿದ ಟ್ರೈನರ್ ಹುಬ್ಬಳ್ಳಿ, ಗೋವಾ ಕಡೆಯ ಸವಾರರಲ್ಲಿ ಸಿಕ್ಕರೆ ಇನ್ನೂ ಕಡಿಮೆಗೆ ಆಗುತ್ತದೆ. ಇದರೊಳಗೆ ಕೆಡುವ ಭಾಗಗಳೇ ಕಡಿಮೆ, ಹಾಗಾಗಿ ಹಳೆಯದಕ್ಕೆ ಅಂಜಬೇಕಿಲ್ಲ.

ಹಂತ 3: ಎದೆಪಟ್ಟಿ ಮತ್ತು ವೇಗದ ಸೆನ್ಸರ್

ಒಂದೇ ಒಂದು ಸೆನ್ಸರಿಗೆ ದುಡ್ಡಿದ್ದರೆ ಹೃದಯ ಬಡಿತ ಅಳೆಯುವ ಎದೆಪಟ್ಟಿ ಕೊಳ್ಳಿ. ಕೈಗಡಿಯಾರ ಬೆಳಕಿನಿಂದ ಬಡಿತ ಅಂದಾಜು ಮಾಡುತ್ತದೆ. ಹ್ಯಾಂಡಲನ್ನು ಬಿಗಿಹಿಡಿದಾಗ, ಶ್ರಮ ಥಟ್ಟನೆ ಏರಿದಾಗ ಅದು ತಪ್ಪುವುದು ಹೆಚ್ಚು. ಎದೆಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಕೂಸ್ಪೊ, ಮಜೀನ್ ಕಂಪನಿಗಳ ಸಾಧಾರಣ ಪಟ್ಟಿಗಳು ಈ ಕೆಲಸಕ್ಕೆ ಸಾಕು. ಪೋಲಾರ್ ಕಂಪನಿಯ ಎಚ್10 ಇನ್ನೂ ಉತ್ತಮ, ಬೆಲೆಯೂ ಹಾಗೆಯೇ.

ಹಾಕಿಕೊಳ್ಳುವ ಮುನ್ನ ಪಟ್ಟಿಯ ಒಳಬದಿಯನ್ನು ನೀರಿನಿಂದ ಒದ್ದೆ ಮಾಡಿ. ಮುಗಿದ ಮೇಲೆ ಸೆನ್ಸರಿನ ಗುಂಡಿಯನ್ನು ಪಟ್ಟಿಯಿಂದ ಬಿಡಿಸಿ, ಪಟ್ಟಿಯನ್ನು ತೊಳೆದು ಒಲೆಯ ಹತ್ತಿರದ ಗಾಳಿಗೆ ಹರವಿ. ಒದ್ದೆ ಪಟ್ಟಿಗೆ ಸಿಕ್ಕಿಸಿಯೇ ಬಿಟ್ಟರೆ ಸೆನ್ಸರ್ ರಾತ್ರಿಯೆಲ್ಲ ಎಚ್ಚರವಾಗಿದ್ದು ಬ್ಯಾಟರಿ ಮುಗಿಸುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದಂತೂ ಎರಡೇ ದಿನದ ಮಾತು. ಹೆಚ್ಚಿನ ಪಟ್ಟಿಗಳು ಮತ್ತು ಸೆನ್ಸರುಗಳು ಸಿಆರ್ 2032 ಎಂಬ ನಾಣ್ಯದಾಕಾರದ ಬ್ಯಾಟರಿಯಲ್ಲಿ ನಡೆಯುತ್ತವೆ; ಎರಡು ಹೆಚ್ಚುವರಿ ಇಟ್ಟುಕೊಳ್ಳಿ.

ಎರಡನೆಯದು ವೇಗದ ಸೆನ್ಸರ್. ಇದನ್ನು ಹಿಂಗಾಲಿಯ ನಡುಗುಂಬಕ್ಕೆ ಕಟ್ಟಬೇಕು, ಏಕೆಂದರೆ ಟ್ರೈನರಿನ ಮೇಲೆ ಮುಂಗಾಲಿ ತಿರುಗುವುದೇ ಇಲ್ಲ. ಮಜೀನ್ ಎಸ್3 ಪ್ಲಸ್ ಮಾದರಿಯ ಸೆನ್ಸರ್ ವೇಗವನ್ನೂ ಅಳೆಯಬಲ್ಲದು, ಪೆಡಲ್ ಸುತ್ತನ್ನೂ ಅಳೆಯಬಲ್ಲದು, ಆದರೆ ಒಂದು ಸಲಕ್ಕೆ ಒಂದನ್ನು ಮಾತ್ರ. ಬ್ಯಾಟರಿ ತೆಗೆದು ಮತ್ತೆ ಹಾಕಿದರೆ ಕೆಲಸ ಬದಲಾಗುತ್ತದೆ. ಪೆಡಲ್ ಸುತ್ತಿನ ವೇಗವನ್ನು, ಅಂದರೆ ಕೇಡೆನ್ಸನ್ನು, ಮೊದಲ ವರ್ಷ ಕೈಲೆಕ್ಕದಲ್ಲೇ ಅಳೆಯಬಹುದು. ಬಲ ಮೊಣಕಾಲು ಮೇಲೆ ಬಂದದ್ದನ್ನು ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿದರೆ ಆಯಿತು.

ಕೊಳ್ಳುವಾಗ ಬ್ಲೂಟೂತ್ ಮತ್ತು ಆಂಟ್ ಪ್ಲಸ್ ಎಂಬ ಎರಡೂ ನಿಸ್ತಂತು ಸಂಪರ್ಕ ಇರುವುದನ್ನೇ ನೋಡಿ. ಬ್ಲೂಟೂತ್ ಫೋನಿಗೆ ಬೇಕು. ಆಂಟ್ ಪ್ಲಸ್ ಒಂದೇ ಸಂಕೇತವನ್ನು ಎಷ್ಟು ಸಾಧನಗಳಿಗೆ ಬೇಕಾದರೂ ಕಳಿಸುತ್ತದೆ, ಮುಂದೆ ಲ್ಯಾಪ್‌ಟಾಪ್ ಬಳಸುವಾಗ ಉಪಯೋಗಕ್ಕೆ ಬರುತ್ತದೆ. ಹೊಸಬರು ಎಡವುವ ಜಾಗವೊಂದಿದೆ: ಸೆನ್ಸರನ್ನು ಫೋನಿನ ಬ್ಲೂಟೂತ್ ಸೆಟ್ಟಿಂಗಿನಲ್ಲಿ ಜೋಡಿಸಬಾರದು. ಆ್ಯಪಿನ ಒಳಗಿನಿಂದಲೇ ಹುಡುಕಿ ಜೋಡಿಸಬೇಕು. ಕಾಣಿಸದಿದ್ದರೆ ಮನೆಯ ಇನ್ನೊಂದು ಫೋನ್ ಅಥವಾ ಗಡಿಯಾರ ಅದನ್ನು ಮೊದಲೇ ಹಿಡಿದಿರಬಹುದು, ಇಲ್ಲವೇ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪಿಗೆ ಲೊಕೇಶನ್ ಅನುಮತಿ ಕೊಟ್ಟಿರುವುದಿಲ್ಲ.

ಹಂತ 4: ಪ್ರತಿ ಸಲವೂ ಒಂದೇ ಅಳತೆ

ಈ ಹಂತವನ್ನು ಅವಸರದಲ್ಲಿ ದಾಟಬೇಡಿ. ಮ್ಯಾಗ್ನೆಟಿಕ್ ಟ್ರೈನರಿನಲ್ಲಿ ಸನ್ನೆಯನ್ನು ಒಂದೇ ಹಂತದಲ್ಲಿ ಇಟ್ಟರೆ, ಹಿಂಗಾಲಿಯ ವೇಗವೇ ನಿಮ್ಮ ಶಕ್ತಿಯ ಅಳತೆಗೋಲು. ಗಂಟೆಗೆ 25 ಕಿ.ಮೀ. ಇಂದು ಎಷ್ಟು ವ್ಯಾಟ್ ಕೇಳಿತೋ ಮುಂದಿನ ವಾರವೂ ಅಷ್ಟೇ ಕೇಳುತ್ತದೆ. ಆದರೆ ಟಯರಿನ ಗಾಳಿ, ಉರುಳೆಯ ಒತ್ತು, ಬಿಸಿ ಈ ಮೂರೂ ಹಿಂದಿನ ಸಲದಂತೆಯೇ ಇರಬೇಕು.

ಮೊದಲು ಗಾಲಿಯ ಸುತ್ತಳತೆ. ಆ್ಯಪ್ ವೇಗ ಲೆಕ್ಕ ಹಾಕುವುದು ಇದರಿಂದಲೇ. 700×25 ಟಯರಿಗೆ ಸುಮಾರು 2105 ಮಿ.ಮೀ., 700×28ಕ್ಕೆ ಸುಮಾರು 2136, 26×1.95ಕ್ಕೆ ಸುಮಾರು 2050. ಪಟ್ಟಿಗಿಂತ ಅಂಗಳ ನಂಬಿಕಸ್ಥ. ಟಯರಿನ ಮೇಲೊಂದು ರಂಗೋಲಿ ಚುಕ್ಕೆ ಇಟ್ಟು, ನೆಲದ ಮೇಲೂ ಅಲ್ಲೇ ಒಂದು ಗುರುತು ಹಾಕಿ, ಸೈಕಲ್ಲನ್ನು ನೇರವಾಗಿ ಒಂದು ಸುತ್ತು ಉರುಳಿಸಿ ಅಳೆಯಿರಿ. ಬಂದ ಸಂಖ್ಯೆಯನ್ನು ಆ್ಯಪಿಗೆ ಕೊಟ್ಟ ಮೇಲೆ ಮತ್ತೆ ಮುಟ್ಟಬೇಡಿ.

ಆಮೇಲೆ ಗಾಳಿ. ಮಾಪಕವಿರುವ ನೆಲದ ಪಂಪಿನಿಂದ, ಟಯರಿನ ಬದಿಯಲ್ಲಿ ಮುದ್ರಿಸಿದ ಮಿತಿಯೊಳಗೆ ಒಂದು ಒತ್ತಡ ಆರಿಸಿ ಗೋಡೆಯ ಮೇಲೆ ಬರೆದಿಡಿ. ಹತ್ತುವ ಪ್ರತಿ ದಿನವೂ ಅಷ್ಟೇ ತುಂಬಿ. ಉರುಳೆ ಟಯರಿಗೆ ಮುಟ್ಟಿದ ಮೇಲೆ ತಿರುಪನ್ನು ಎಷ್ಟು ಸುತ್ತು ಬಿಗಿಮಾಡಿದಿರಿ ಎಂಬುದನ್ನೂ ಬರೆಯಿರಿ. ನನ್ನದರಲ್ಲಿ ಎರಡೂವರೆ ಸುತ್ತು. ನಿಂತು ತುಳಿದಾಗ ಟಯರ್ ಜಾರದಿದ್ದರೆ ಬಿಗಿ ಸಾಕು.

ಮೂರನೆಯದು ಬಿಸಿ. ತುಳಿಯತೊಡಗಿದ ಮೇಲೆ ಟಯರ್ ಮತ್ತು ಉರುಳೆ ಎರಡೂ ಬಿಸಿಯಾಗಿ ಪ್ರತಿರೋಧ ಸ್ವಲ್ಪ ಇಳಿಯುತ್ತದೆ. ಮೊದಲ ಹತ್ತು ನಿಮಿಷದ ಅಂಕಿಗಳನ್ನು ನಂಬಬೇಡಿ, ಅದು ಮೈ ಬಿಸಿಮಾಡಿಕೊಳ್ಳುವ ಹೊತ್ತು ಎಂದೇ ತಿಳಿಯಿರಿ.

ಈಗ ಪರಿಶೀಲನೆ. ಹತ್ತು ನಿಮಿಷ ತುಳಿದ ಮೇಲೆ, ಸನ್ನೆಯನ್ನು ನಿಮ್ಮ ಗೊತ್ತಾದ ಹಂತದಲ್ಲಿಟ್ಟು ವೇಗವನ್ನು 30ಕ್ಕೆ ಏರಿಸಿ. ಪೆಡಲ್ ನಿಲ್ಲಿಸಿ. ಗಾಲಿ ತಾನಾಗಿ ನಿಲ್ಲಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಸ್ಟಾಪ್‌ವಾಚಿನಲ್ಲಿ ಅಳೆಯಿರಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ನನ್ನ ಟ್ರೈನರಿನಲ್ಲಿ ಸನ್ನೆಯ ನಾಲ್ಕನೆಯ ಹಂತಕ್ಕೆ ಏಳು ಸೆಕೆಂಡು ಬರುತ್ತದೆ. ಎಂಟು ಬಂದರೆ ಉರುಳೆ ಸಡಿಲವಾಗಿದೆ, ಆರು ಬಂದರೆ ಗಾಳಿ ಇಳಿದಿದೆ ಅಥವಾ ಬಿಗಿ ಹೆಚ್ಚಾಗಿದೆ. ಎರಡು ನಿಮಿಷದ ಕೆಲಸ. ನನ್ನ ಅಗ್ಗದ ಟ್ರೈನರಿನ ಮೇಲೆ ನನಗೆ ವಿಶ್ವಾಸ ಹುಟ್ಟಿದ್ದು ಇದನ್ನು ಕಲಿತ ದಿನ. ಅದಕ್ಕಿಂತ ಮೊದಲಿನ ಒಂದೂವರೆ ತಿಂಗಳ ದಾಖಲೆಯನ್ನು ಪಕ್ಕಕ್ಕೆ ಇಟ್ಟುಬಿಟ್ಟೆ, ಯಾವ ದಿನದ ವೇಗ ಯಾವ ಬಿಗಿಯಲ್ಲಿ ಬಂದದ್ದೆಂದು ಹೇಳುವ ಹಾಗಿರಲಿಲ್ಲ.

ಹಂತ 5: ಆ್ಯಪ್

ಫೋನು ಮತ್ತು ಎರಡು ಸೆನ್ಸರ್ ಮಾತ್ರ ಇದ್ದರೆ ವಾಹೂ ಕಂಪನಿಯ ಉಚಿತ ಆ್ಯಪಿನಿಂದ ಆರಂಭಿಸಿ. ಬೇರೆ ಕಂಪನಿಗಳ ಸೆನ್ಸರುಗಳನ್ನೂ ಅದು ಗುರುತಿಸುತ್ತದೆ, ಬಡಿತ ಮತ್ತು ವೇಗವನ್ನು ದೊಡ್ಡ ಅಕ್ಷರಗಳಲ್ಲಿ ತೋರಿಸಿ ದಾಖಲಿಸುತ್ತದೆ. ನಿಮಿಷಗಳ ಲೆಕ್ಕಕ್ಕೆ ಯಾವುದಾದರೂ ಇಂಟರ್ವಲ್ ಟೈಮರ್ ಆ್ಯಪ್ ಸಾಕು. ನಾನು ಈಗಲೂ ದಿನದ ಪಾಠವನ್ನು ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದು ಹ್ಯಾಂಡಲಿಗೆ ಅಂಟಿಸಿಕೊಳ್ಳುತ್ತೇನೆ. ಹಳ್ಳಿಯ ಮನೆಗಳಲ್ಲಿ ನೆಟ್‌ವರ್ಕ್ ಕೈಕೊಟ್ಟರೂ ಕಾಗದ ಕೈಕೊಡುವುದಿಲ್ಲ.

ದಾಖಲೆಗಳನ್ನು ಜೋಡಿಸಿ ನೋಡಲು ಇಂಟರ್ವಲ್ಸ್ ಡಾಟ್ ಐಸಿಯು ಎಂಬ ಜಾಲತಾಣ ನನ್ನ ಮೊದಲ ಆಯ್ಕೆ. ಬಳಕೆ ಉಚಿತ, ಇಷ್ಟವಿದ್ದವರು ಹಣ ಕೊಡಬಹುದು. ವ್ಯಾಟ್ ಅಳೆಯುವ ಪವರ್ ಮೀಟರ್ ಇಲ್ಲದಿದ್ದರೂ ಹೃದಯ ಬಡಿತದಿಂದಲೇ ಪ್ರತಿ ದಿನದ ಹೊರೆಯನ್ನು ಲೆಕ್ಕ ಹಾಕುತ್ತದೆ. 42 ದಿನಗಳ ಸರಾಸರಿಯಿಂದ ದೇಹದಾರ್ಢ್ಯದ ಗೆರೆ, 7 ದಿನಗಳ ಸರಾಸರಿಯಿಂದ ದಣಿವಿನ ಗೆರೆ ಎಳೆದು ತೋರಿಸುತ್ತದೆ. ದಣಿವಿನ ಗೆರೆ ಬಹಳ ಮೇಲೆ ಹಾರಿದ ವಾರ ನಾನು ಒಂದು ದಿನ ಬಿಟ್ಟುಬಿಡುತ್ತೇನೆ.

ಹಳೆಯ ಲ್ಯಾಪ್‌ಟಾಪ್ ಇದ್ದವರಿಗೆ ಗೋಲ್ಡನ್ ಚೀತಾ ಎಂಬ ಉಚಿತ, ಮುಕ್ತ ತಂತ್ರಾಂಶವಿದೆ. ಅದರ ಪಟ್ಟಿಯಲ್ಲಿ ನಿಮ್ಮ ಟ್ರೈನರಿನ ಮಾದರಿ ಇದ್ದರೆ ವೇಗದಿಂದ ವ್ಯಾಟನ್ನು ಅಂದಾಜಿಸುತ್ತದೆ. ಇದಕ್ಕೆ ವರ್ಚುವಲ್ ಪವರ್ ಎನ್ನುತ್ತಾರೆ. ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಆ ವ್ಯಾಟನ್ನು ಬೇರೆಯವರ ವ್ಯಾಟಿನೊಂದಿಗೆ ಹೋಲಿಸಬೇಡಿ, ನಿಮ್ಮದೇ ಕಳೆದ ತಿಂಗಳಿನ ಅಂಕಿಯೊಂದಿಗೆ ಹೋಲಿಸಿ.

ಪರದೆಯ ಮೇಲೆ ರಸ್ತೆ ಓಡಬೇಕು, ಜೊತೆಗಾರರು ಕಾಣಬೇಕು ಎನ್ನುವವರಿಗೆ ಜ್ವಿಫ್ಟ್ ಪ್ರಸಿದ್ಧ. ವೇಗದ ಸೆನ್ಸರ್ ಇರುವ ಸಾಧಾರಣ ಟ್ರೈನರನ್ನೂ ಅದು ಒಪ್ಪುತ್ತದೆ. ಆದರೆ ಅಮೆರಿಕದಲ್ಲಿ ಅದರ ತಿಂಗಳ ಚಂದಾ 2024ರಲ್ಲಿ 14.99ರಿಂದ 19.99 ಡಾಲರಿಗೆ ಏರಿತು. ಒಂದು ವರ್ಷದ ಚಂದಾದಲ್ಲಿ ನನ್ನ ಇಡೀ ಜಗಲಿಯ ಸಾಮಾನು ಬಂದುಬಿಡುತ್ತದೆ. ಸ್ಮಾರ್ಟ್ ಟ್ರೈನರ್ ಅಥವಾ ಪವರ್ ಮೀಟರ್ ಇದ್ದವರಿಗೆ ಮೈವೂಶ್ ಉಚಿತ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ 2024ರ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದೂ ಅದೇ ವೇದಿಕೆಯಲ್ಲಿ. ಸ್ಮಾರ್ಟ್ ಟ್ರೈನರ್ ಇದ್ದು ಗ್ರಾಫಿಕ್ಸ್ ಬೇಡವೆನ್ನುವವರು ಆವುಕಿ ನೋಡಬಹುದು. ಕ್ರೋಮ್ ಬ್ರೌಸರಿನಲ್ಲೇ ತೆರೆಯುತ್ತದೆ, ಬ್ಲೂಟೂತ್ ಮೂಲಕ ಟ್ರೈನರಿಗೆ ವ್ಯಾಟ್ ಹೇಳುತ್ತದೆ.

ಹಂತ 6: ನಿಮ್ಮ ಮಿತಿಯನ್ನು ಅಳೆಯಿರಿ

ನಲವತ್ತು ದಾಟಿದವರು, ಬಿ.ಪಿ. ಅಥವಾ ಸಕ್ಕರೆ ಕಾಯಿಲೆ ಇರುವವರು, ಎಂದಾದರೂ ಎದೆನೋವು ಕಂಡವರು ಈ ಪರೀಕ್ಷೆಗೆ ಮುನ್ನ ವೈದ್ಯರನ್ನು ಕೇಳಲೇಬೇಕು.

220ರಿಂದ ವಯಸ್ಸು ಕಳೆದು ಗರಿಷ್ಠ ಬಡಿತ ಹಿಡಿಯುವ ಸೂತ್ರವನ್ನು ಬಿಟ್ಟುಬಿಡಿ. ಒಂದೇ ವಯಸ್ಸಿನ ಇಬ್ಬರಲ್ಲಿ ಅದು ಹತ್ತು-ಹನ್ನೆರಡು ಬಡಿತ ಅತ್ತಿತ್ತ ಆಗುವುದು ಸಾಮಾನ್ಯ. ಅಮೆರಿಕದ ತರಬೇತುದಾರ ಜೋ ಫ್ರೀಲ್ ರೂಢಿಗೆ ತಂದ ಕ್ರಮ ಹೆಚ್ಚು ಉಪಯುಕ್ತ. ಇಪ್ಪತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ನಂತರ ಮೂವತ್ತು ನಿಮಿಷ, ಕೊನೆಯವರೆಗೆ ಹಿಡಿದಿಡಬಹುದಾದ ಅತ್ಯಂತ ಗಟ್ಟಿ ಶ್ರಮದಲ್ಲಿ ತುಳಿಯಿರಿ. ಹತ್ತು ನಿಮಿಷ ಆದಾಗ ಆ್ಯಪಿನಲ್ಲಿ ಲ್ಯಾಪ್ ಗುಂಡಿ ಒತ್ತಿ, ಅಲ್ಲಿಂದ ಸರಾಸರಿಯ ಲೆಕ್ಕ ಬೇರೆಯಾಗುತ್ತದೆ. ಕೊನೆಯ ಇಪ್ಪತ್ತು ನಿಮಿಷದ ಸರಾಸರಿ ಬಡಿತವೇ ನಿಮ್ಮ ಮಿತಿ ಬಡಿತ. ಅದೇ ಹೊತ್ತಿನ ಸರಾಸರಿ ವೇಗವನ್ನೂ ಬರೆದುಕೊಳ್ಳಿ, ಇದು ನಿಮ್ಮ ಮಿತಿ ವೇಗ. ಮೊದಲ ಐದು ನಿಮಿಷ ಸುಲಭವೆನಿಸಬೇಕು. ಆರಂಭದಲ್ಲೇ ಏದುಸಿರು ಬಂದರೆ ಪರೀಕ್ಷೆ ಕೆಟ್ಟಿತೆಂದೇ ಲೆಕ್ಕ. ಎರಡು ದಿನ ಬಿಟ್ಟು ಮತ್ತೆ ಮಾಡಿ.

ಮಿತಿ ಬಡಿತ 165 ಬಂದಿದೆ ಎಂದುಕೊಳ್ಳೋಣ. ಅದರ ಶೇ 81ಕ್ಕಿಂತ ಕೆಳಗೆ, ಅಂದರೆ 134ಕ್ಕಿಂತ ಕಡಿಮೆ ಇದ್ದರೆ ಮೊದಲ ವಲಯ, ವಿಶ್ರಾಂತಿಯ ತುಳಿತ. ಶೇ 81ರಿಂದ 89, ಅಂದರೆ 134ರಿಂದ 147 ಎರಡನೆಯ ವಲಯ, ದೀರ್ಘ ಬಾಳಿಕೆಯದು. ಭಾಗವತಿಕೆಯ ಒಂದು ಸಾಲನ್ನು ಉಸಿರು ಮುರಿಯದೆ ಗುನುಗಲು ಬಂದರೆ ನೀವು ಇಲ್ಲಿದ್ದೀರಿ. ಶೇ 90ರಿಂದ 93 ಮೂರನೆಯದು, 148ರಿಂದ 153. ಶೇ 94ರಿಂದ 99 ನಾಲ್ಕನೆಯದು, 155ರಿಂದ 163. ಇಲ್ಲಿ ಎರಡು ಮೂರು ಪದಕ್ಕಿಂತ ಹೆಚ್ಚು ಮಾತಾಡಲಾಗದು. ಅದರ ಮೇಲಿನದು ಐದನೆಯದು.

ವ್ಯಾಟ್ ಇದ್ದವರು ಇಪ್ಪತ್ತು ನಿಮಿಷದ ಗರಿಷ್ಠ ಸರಾಸರಿಯನ್ನು 0.95ರಿಂದ ಗುಣಿಸಿ, ವ್ಯಾಟಿನ ಲೆಕ್ಕದ ಮಿತಿಯಾದ ಎಫ್‌ಟಿಪಿ ಪಡೆಯುತ್ತಾರೆ. 200 ವ್ಯಾಟ್ ಬಂದರೆ ಎಫ್‌ಟಿಪಿ 190.

ಹಂತ 7: ಎಂಟು ವಾರ

ಮಂಗಳವಾರ, ಗುರುವಾರ, ಶನಿವಾರ. ನಡುವೆ ಒಂದೊಂದು ದಿನ ಬಿಡುವು. ಪ್ರತಿ ಸಲವೂ ಹತ್ತು ನಿಮಿಷ ಹಗುರ ತುಳಿತದಿಂದ ಆರಂಭ, ಐದು ನಿಮಿಷ ಹಗುರ ತುಳಿತದಿಂದ ಮುಕ್ತಾಯ.

ಮೊದಲೆರಡು ವಾರ ಮೂರೂ ದಿನ 40ರಿಂದ 50 ನಿಮಿಷ ಎರಡನೆಯ ವಲಯ. ನಡುವೆ ಆರು ಸಲ, ಒಂದೊಂದು ನಿಮಿಷ, ಹಗುರ ಗೇರಿನಲ್ಲಿ ಪೆಡಲನ್ನು ನಿಮಿಷಕ್ಕೆ 100 ಸುತ್ತಿನಂತೆ ತಿರುಗಿಸಿ. ಆಸನದ ಮೇಲೆ ಕುಪ್ಪಳಿಸದೆ ತಿರುಗಿಸಲು ಬರುವುದೇ ಕಲಿಯಬೇಕಾದದ್ದು. ಮೂರನೆಯ ವಾರ ಮಂಗಳವಾರ ಮತ್ತು ಗುರುವಾರ ಮೂರನೆಯ ವಲಯದಲ್ಲಿ 12 ನಿಮಿಷದ ಎರಡು ಸುತ್ತು, ನಡುವೆ 5 ನಿಮಿಷ ಬಿಡುವು; ಶನಿವಾರ ಒಂದು ಗಂಟೆ ಎರಡನೆಯ ವಲಯ. ನಾಲ್ಕನೆಯ ವಾರ ಹಗುರ: ಎರಡೇ ದಿನ, ತಲಾ 35 ನಿಮಿಷ.

ಐದರಿಂದ ಏಳನೆಯ ವಾರ ಘಟ್ಟದ ತಯಾರಿ. ಮಂಗಳವಾರ ನಾಲ್ಕನೆಯ ವಲಯದಲ್ಲಿ ಮೊದಲ ವಾರ 8 ನಿಮಿಷದ ಮೂರು ಸುತ್ತು, ಮುಂದಿನ ವಾರ 10 ನಿಮಿಷದ ಮೂರು, ಅದರ ಮುಂದಿನ ವಾರ 15 ನಿಮಿಷದ ಎರಡು. ನಡುವೆ 4 ನಿಮಿಷ ಬಿಡುವು. ಗುರುವಾರ ಮೂರು ನಿಮಿಷದ ಐದು ಸುತ್ತು, ನಡುವೆ ಮೂರು ನಿಮಿಷ ಬಿಡುವು. ಗುರುವಾರದ ಸುತ್ತುಗಳಲ್ಲಿ ಬಡಿತವನ್ನು ನೋಡಬೇಡಿ. ಶ್ರಮ ಏರಿದ ಒಂದೆರಡು ನಿಮಿಷದ ನಂತರವಷ್ಟೇ ಬಡಿತ ಏರುತ್ತದೆ. ಅದನ್ನು ಬೆನ್ನಟ್ಟಿದರೆ ಮೊದಲ ನಿಮಿಷದಲ್ಲೇ ಕಾಲು ಸೋಲುತ್ತದೆ. ಇಲ್ಲಿ ವೇಗವೇ ಗುರು: ಮಿತಿ ವೇಗಕ್ಕಿಂತ ಒಂದರಿಂದ ಎರಡು ಕಿ.ಮೀ. ಮೇಲೆ, ಐದೂ ಸುತ್ತಿನಲ್ಲಿ ಒಂದೇ ವೇಗ. ಹಂತ 4ರ ಶ್ರಮಕ್ಕೆ ಫಲ ಸಿಗುವುದು ಈ ದಿನ.

ಶನಿವಾರ ಒಂದು ಗಂಟೆ ಎರಡನೆಯ ವಲಯ, ಅದರೊಳಗೆ ಐದು ನಿಮಿಷದ ನಾಲ್ಕು ಸುತ್ತು ಭಾರದ ಗೇರಿನಲ್ಲಿ, ನಿಮಿಷಕ್ಕೆ 60ರಿಂದ 65 ಸುತ್ತು, ಮೂರನೆಯ ವಲಯ. ಮುಂಗಾಲಿಯ ಕೆಳಗೆ ಒಂದು ಮರದ ತುಂಡು ಇಟ್ಟರೆ ಏರಿನ ಭಂಗಿ ಬರುತ್ತದೆ. ಮೊಣಕಾಲಲ್ಲಿ ನೋವು ಕಂಡರೆ ಅಂದೇ ಇದನ್ನು ಬಿಟ್ಟು ಆಸನದ ಎತ್ತರ ಪರೀಕ್ಷಿಸಿ. ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು.

ಎಂಟನೆಯ ವಾರ ಮಂಗಳವಾರ 40 ನಿಮಿಷ ಹಗುರ, ಗುರುವಾರ ಬಿಡುವು, ಶನಿವಾರ ಮತ್ತೆ ಪರೀಕ್ಷೆ. ಮಿತಿ ಬಡಿತ ಹೆಚ್ಚು ಬದಲಾಗದಿದ್ದರೆ ಚಿಂತಿಸಬೇಡಿ. ಅದೇ ಬಡಿತಕ್ಕೆ ವೇಗ ಏರಿದೆಯೇ ಎಂದು ನೋಡಿ.

ಫ್ಯಾನ್, ನೀರು, ಬೆವರು

ದೇಹ ಉರಿಸುವ ಶಕ್ತಿಯಲ್ಲಿ ಪೆಡಲಿಗೆ ಬರುವುದು ಸುಮಾರು ಕಾಲು ಭಾಗ. ನೀವು 150 ವ್ಯಾಟ್ ತುಳಿಯುತ್ತಿದ್ದರೆ ಇನ್ನೂ ಸುಮಾರು 450 ವ್ಯಾಟ್ ಬಿಸಿಯಾಗಿ ಮೈಯಿಂದ ಹೊರಬೀಳಬೇಕು. ರಸ್ತೆಯಲ್ಲಿ ಎದುರುಗಾಳಿ ಇದನ್ನು ಒಯ್ಯುತ್ತದೆ. ಜಗಲಿಯಲ್ಲಿ ಗಾಳಿಯಿಲ್ಲ, ಜೊತೆಗೆ ಮಳೆಗಾಲದ ತೇವ. ಬೆವರು ಆರದೆ ತೊಟ್ಟಿಕ್ಕುತ್ತದೆ. ಆರದ ಬೆವರು ಮೈ ತಂಪು ಮಾಡುವುದಿಲ್ಲ. ಆದ್ದರಿಂದ ಕಾಲಿನ ಮೇಲೆ ನಿಲ್ಲುವ ದೊಡ್ಡ ಫ್ಯಾನನ್ನು ಒಂದು ಮೀಟರ್ ದೂರದಲ್ಲಿ, ಎದೆಯ ಎತ್ತರಕ್ಕೆ ಇಡಿ, ಕಿಟಕಿ ತೆರೆಯಿರಿ. ಫ್ಯಾನ್ ನಿಂತ ದಿನ ಅದೇ ವೇಗದಲ್ಲಿ ನನ್ನ ಬಡಿತ ಹತ್ತರಷ್ಟು ಮೇಲೇರುತ್ತದೆ. ಕರೆಂಟು ಹೋದರೆ ಫ್ಯಾನನ್ನು ಇನ್ವರ್ಟರಿಗೆ ಹಾಕಿ. ಇನ್ವರ್ಟರ್ ಇಲ್ಲದವರು ಆ ದಿನ ಎರಡನೆಯ ವಲಯದಲ್ಲೇ ಮುಗಿಸಿ. ಪರೀಕ್ಷೆಯನ್ನಂತೂ ಫ್ಯಾನಿಲ್ಲದೆ ಮಾಡಲೇಬೇಡಿ.

ಮುಕ್ಕಾಲು ಗಂಟೆಗೆ ನೀರು ಸಾಕು. ಶನಿವಾರದ ಒಂದು ಗಂಟೆಗೆ ನಾನು ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಜೋನಿ ಬೆಲ್ಲ, ಅರ್ಧ ಲಿಂಬೆ, ಕಾಲು ಟೀ ಚಮಚ ಉಪ್ಪು ಹಾಕಿಕೊಳ್ಳುತ್ತೇನೆ. ಪೊಟ್ಟಣದ ಪುಡಿಯಲ್ಲಿ ಇರುವುದೂ ಸಕ್ಕರೆ ಮತ್ತು ಉಪ್ಪೇ. ಹತ್ತುವ ಮುನ್ನ ಮತ್ತು ಇಳಿದ ಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ, ಕುಡಿದದ್ದಕ್ಕಿಂತ ಒಂದು ಲೀಟರ್ ಹೆಚ್ಚು ನೀರು ಮೈಯಿಂದ ಹೋಗಿದೆ.

ಬೆವರಿನ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಕಾರವಾರದಲ್ಲಿ ಕಡಲ ಗಾಳಿಯೂ ಅದಕ್ಕೆ ಸೇರುತ್ತದೆ. ಹ್ಯಾಂಡಲಿನಿಂದ ಆಸನದವರೆಗೆ ಒಂದು ಹಳೆಯ ಪಂಚೆ ಹರವಿ. ಮುಗಿದ ಮೇಲೆ ಹ್ಯಾಂಡಲಿನ ಕತ್ತು, ಬೋಲ್ಟುಗಳ ತಲೆ, ಕೇಬಲ್ಲುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಒರೆಸಿ. ಹದಿನೈದು ದಿನಕ್ಕೊಮ್ಮೆ ಚೈನಿಗೆ ಎಣ್ಣೆ ಬಿಡಿ. ಹ್ಯಾಂಡಲ್ ಟೇಪ್ ಇರುವವರು ತಿಂಗಳಿಗೊಮ್ಮೆ ಒಂದು ತುದಿ ಬಿಚ್ಚಿ ಒಳಗೆ ಬಿಳಿ ಪುಡಿ ಕಟ್ಟಿದೆಯೇ ಎಂದು ನೋಡಿ.

ಅಕ್ಟೋಬರಿನಲ್ಲಿ ಹೊರಗೆ ಇಳಿಯುವ ಮುನ್ನ

ಟ್ರೈನರಿನ ಸ್ಕ್ಯೂವರ್ ತೆಗೆದು ಸೈಕಲ್ಲಿನ ಮೂಲ ಸ್ಕ್ಯೂವರ್ ಹಾಕಿ, ಸ್ಲಿಕ್ ಟಯರ್ ಬಿಚ್ಚಿ ರಸ್ತೆಯ ಟಯರ್ ಕೂರಿಸಿ. ನಾಲ್ಕು ತಿಂಗಳು ಬ್ರೇಕ್ ಮುಟ್ಟಿರುವುದಿಲ್ಲ. ಕೇಬಲ್ ತುಕ್ಕು ಹಿಡಿದಿರಬಹುದು, ರಬ್ಬರ್ ಗಟ್ಟಿಯಾಗಿರಬಹುದು. ಅಂಗಳದಲ್ಲಿ ನಾಲ್ಕು ಸುತ್ತು ಹೊಡೆದು, ಎರಡೂ ಬ್ರೇಕನ್ನು ಬೇರೆಬೇರೆಯಾಗಿ ಹಿಡಿದು ನೋಡಿ. ಮೊದಲ ವಾರ ಊರ ಸುತ್ತಿನ ಸಮತಟ್ಟಾದ ರಸ್ತೆಯಲ್ಲೇ ಇರಿ. ಟ್ರೈನರಿನ ಮೇಲೆ ಕಾಲು ಬಲಿತಿರುತ್ತದೆ, ತಿರುವಿನಲ್ಲಿ ಸೈಕಲ್ ವಾಲಿಸುವ ಅಭ್ಯಾಸ ಮರೆತಿರುತ್ತದೆ.

ದೇವಿಮನೆಗೆ ಹೋಗುವ ದಿನ ಎದೆಪಟ್ಟಿ ಕಟ್ಟಿಕೊಂಡೇ ಹೋಗಿ. ಹೊರಗೆ ಗಾಳಿಯಿದೆ, ಹುರುಪಿದೆ. ಅದೇ ಶ್ರಮ ಜಗಲಿಗಿಂತ ಹಗುರವೆನಿಸಿ ವೇಗ ತಾನಾಗಿಯೇ ಏರುತ್ತದೆ. ಏರಿನ ಮೊದಲ ಅರ್ಧವನ್ನು ಮೂರನೆಯ ವಲಯ ದಾಟದಂತೆ ಹತ್ತಿ. 165 ಮಿತಿಯವರಾದರೆ 153ರ ಒಳಗೆ. ಉಳಿದರ್ಧಕ್ಕೆ ನಾಲ್ಕನೆಯ ವಲಯವನ್ನು ತೆರೆಯಿರಿ. ನಾನು ಹೋಗುವುದು ಬೆಳಗಿನ ಆರು ಗಂಟೆಗೆ, ಲಾರಿಗಳು ಕಡಿಮೆ ಇರುವ ಹೊತ್ತಿಗೆ, ಹಿಂದಿನ ಕೆಂಪು ದೀಪ ಹಚ್ಚಿಕೊಂಡು.